ಸಾಯಬಣ್ಣನ ಹೊಸ ಬ್ಯಾಟ್ರಿ

ಸಾಯಬಣ್ಣನ ಬ್ಯಾಟ್ರಿ ಕೆಟ್ಟು ಎಷ್ಟು ದಿನವಾಗಿತ್ತೋ ಯಾರಿಗೂ ಗೊತ್ತಿರಲಿಲ್ಲ. ಅದು ಕೆಟ್ಟಿದೆ ಎಂದು ಗೊತ್ತಾದದ್ದು ಬುಧವಾರ ಮುಂಜಾನೆ ಎಂಟು ಗಂಟೆಗೆ, ಸೇಡಂನ ಗುತ್ತಿಗೆದಾರ ಬಸವಲಿಂಗರ ಫೋನು ಬಂದ ಮೇಲೆ. ಶಹಾಬಾದಿನ ಕಡೆ ಟಾರ್ಚಿಗೆ ಬ್ಯಾಟ್ರಿ ಎಂದೇ ಹೆಸರು. ಟಾರ್ಚ್ ಎಂದು ಕೇಳಿದರೆ ಅಂಗಡಿಯವನು ಒಮ್ಮೆ ಮುಖ ನೋಡಿ, ಆಮೇಲೆ ಬ್ಯಾಟ್ರಿ ಕೊಡುತ್ತಾನೆ.

"ಸಾಯಬಣ್ಣ, ಇವತ್ತ ನಾಕಕ್ಕ ಬರ್ಲಿಕತ್ತೀನಿ," ಎಂದಿದ್ದರು ಬಸವಲಿಂಗ. "ನಮ್ಮ ಕಲ್ಯಾಣ ಮಂಟಪದ ನೆಲಕ್ಕ ಕಲ್ಲು ಬೇಕು. ನಿಮ್ಮಲ್ಲಿ ಒಂದು ಲಾಟ್ ಅದ ಅಂದ್ರು. ಬ್ಯಾಟ್ರಿ ತಯಾರಿಡ್ರಿ. ನಾ ಬೆಳಕ ಹಚ್ಚಿ ನೋಡೇ ತೊಗೊಳಾಂವ."

ನೆಲಕ್ಕೆ ಹಾಸುವ ಫರಸಿ ಕಲ್ಲನ್ನು ನೋಡುವ ರೀತಿ ಅದು. ಕಲ್ಲಿನ ಮೈಗೆ ಬ್ಯಾಟ್ರಿಯನ್ನು ಒರಗಿಸಿ ಹಿಡಿದರೆ ಬೆಳಕು ಮೇಲ್ಮೈ ಉದ್ದಕ್ಕೂ ಹರಿಯುತ್ತದೆ. ಕೂದಲೆಳೆಯಷ್ಟು ಸೀಳಿದ್ದರೂ ಅದರ ನೆರಳು ಎದ್ದು ಕಾಣುತ್ತದೆ. ಸೀಳು ಕಂಡರೆ ವ್ಯಾಪಾರ ಮುಗಿಯಿತು. ಈ ಕಾರಣಕ್ಕೇ ಶಹಾಬಾದಿನಲ್ಲಿ ಕಲ್ಲು ಮಾರುವ ಅಂಗಳಗಳಲ್ಲಿ ಮಾಲೀಕರು ಇಟ್ಟುಕೊಳ್ಳುವ ಬ್ಯಾಟ್ರಿಗಳೆಲ್ಲ ಅರಿಶಿನ ಬಣ್ಣದ ಮಂದ ಬೆಳಕಿನವು. ಅದನ್ನು ಯಾರೂ ಯಾರಿಗೂ ಹೇಳಿಕೊಟ್ಟಿದ್ದಲ್ಲ. ಸಾಯಬಣ್ಣನಿಗೂ ಯಾರೂ ಹೇಳಿಕೊಟ್ಟಿರಲಿಲ್ಲ, ತೊಂದರೆಯಾದದ್ದು ಅಲ್ಲಿಯೇ.

ದೇವರ ಜಗಲಿಯ ಪಕ್ಕದ ಗೂಡಿನಿಂದ ಅವನು ತನ್ನ ಹಳೆಯ ಮೂರು ಸೆಲ್ಲಿನ ಬ್ಯಾಟ್ರಿ ತೆಗೆದು ಗುಂಡಿ ಒತ್ತಿದ. ಹತ್ತಲಿಲ್ಲ. ಹಿಂದಿನ ಮುಚ್ಚಳ ತಿರುವಿದರೆ ಒಳಗೆ ಸೆಲ್ಲುಗಳು ಸೋರಿ, ಹಳೆಯ ಉಪ್ಪಿನಕಾಯಿಯ ಮೇಲಿನ ಬೂಷ್ಟಿನಂತೆ ಬೆಳ್ಳಗೆ ಬೆಳೆದಿದ್ದವು.

"ಏನಾತ್ರಿ?" ಎಂದು ಹೆಂಡತಿ ಗುರುದೇವಿ ಒಳಗಿನಿಂದ ಕೇಳಿದಳು.

"ಏನಿಲ್ಲ. ಬ್ಯಾಟ್ರಿ ಹೋಗ್ಯದ."

"ಅದು ಹೋಗಲಿ. ಕಲ್ಲು ಯಾವಾಗ ಹೋಗ್ತಾವ, ಅದ್ ಹೇಳ್ರಿ."

ಗುರುದೇವಿಯ ಪ್ರಶ್ನೆ ಹೊಸದಲ್ಲ. ಒಂದೂವರೆ ವರ್ಷದ ಹಿಂದೆ ಗಾಳಿಗೆ ಶೆಡ್ಡಿನ ತಗಡು ಹಾರಿಹೋದಾಗ, ಪಾಲಿಶ್ ಆದ ಆ ಲಾಟನ್ನು ನಾಲ್ಕು ದಿನದ ಮಟ್ಟಿಗೆಂದು ಸಾಯಬಣ್ಣ ಮನೆಯ ಬಾಗಿಲ ಹೊರಗಿನ ಪಡಸಾಲೆಗೆ ತಂದು ನಿಲ್ಲಿಸಿದ್ದ. ಕಲ್ಲುಗಳು ಅಲ್ಲೇ ಬೇರುಬಿಟ್ಟವು. ಬಾಗಿಲಿನ ಮುಂದೆ ಉಳಿದದ್ದು ಒಂದೂವರೆ ಗೇಣಿನ ಸಂದು. ಅದರಲ್ಲಿ ಗುರುದೇವಿ ಅಡ್ಡಡ್ಡ ನಡೆದು ಹೊರಗೆ ಬರುತ್ತಿದ್ದಳು, ಅಡ್ಡಡ್ಡ ನಡೆದು ಒಳಗೆ ಹೋಗುತ್ತಿದ್ದಳು. ತುಂಬಿದ ಕೊಡ ತಂದ ದಿನ ಕೊಡವನ್ನು ಮೊದಲು ಒಳಗೆ ದಾಟಿಸಿ, ತಾನು ಆಮೇಲೆ ದಾಟುತ್ತಿದ್ದಳು. ತವರಿನಿಂದ ಬಂದ ಅವಳ ಅಣ್ಣ ಸ್ವಲ್ಪ ದಪ್ಪ ಮನುಷ್ಯ. ಅವನು ಹೊರಗೇ ಕೂತು ಚಹಾ ಕುಡಿದು ಚಿಂಚೋಳಿಗೆ ವಾಪಸು ಹೋಗಿದ್ದ. ಆ ಅವಮಾನವನ್ನು ಗುರುದೇವಿ ಇನ್ನೂ ಮರೆತಿರಲಿಲ್ಲ.

"ಇವತ್ತ ಹೋಗ್ತಾವ," ಎಂದ ಸಾಯಬಣ್ಣ. "ಸೇಡಂ ಪಾರ್ಟಿ ನಾಕಕ್ಕ ಬರ್ತದ."

"ನಾಕಕ್ಕ ಬರಲಿ. ನಾನೂ ಕೈಚೀಲ ತುಂಬಿ ಇಡ್ತೀನಿ. ಕಲ್ಲು ಹೋದ್ರ ನಾ ಇರ್ತೀನಿ. ಕಲ್ಲು ಇದ್ರ ಸಂಜಿ ಆರರ ಬಸ್ಸಿಗಿ ಚಿಂಚೋಳಿಗಿ ಹೋಗ್ತೀನಿ. ಕಲ್ಲಿನ ಕೂಡ ನೀವ ಸಂಸಾರ ಮಾಡ್ರಿ."

ಸಾಯಬಣ್ಣ ಹೆದರಿದ. ಗುರುದೇವಿ ಸಿಟ್ಟಿನಲ್ಲಿ ಕೂಗುವವಳಲ್ಲ, ಮೆಲ್ಲಗೆ ಹೇಳುವವಳು. ಮೆಲ್ಲಗೆ ಹೇಳಿದ ಮಾತನ್ನು ಅವಳು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿಸಿರಲಿಲ್ಲ. ಅವಳಿಲ್ಲದೆ ಅವನಿಗೆ ಮನೆಯಲ್ಲಿ ಉಪ್ಪು ಎಲ್ಲಿದೆ ಎಂಬುದೂ ಗೊತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವಳೆಂದರೆ ಅವನಿಗೆ ಪ್ರೀತಿಯಿತ್ತು. ಅದನ್ನು ಹೇಳುವ ರೀತಿ ಗೊತ್ತಿಲ್ಲದ್ದರಿಂದ ಅವನು ಅಂಗಿ ಹಾಕಿಕೊಂಡು ಬ್ಯಾಟ್ರಿ ತರಲು ಹೊರಟ.

ಸಾಯಬಣ್ಣನಿಗೆ ಒಂದು ಗುಣವಿತ್ತು. ಬದನೆಕಾಯಿ ಕೊಳ್ಳುವುದಿದ್ದರೂ ನಾಲ್ಕು ಜನರನ್ನು ಕೇಳುತ್ತಿದ್ದ, ಕೊನೆಗೆ ಮಾತಾಡಿದವರ ಮಾತಿನಂತೆ ನಡೆಯುತ್ತಿದ್ದ. ಹಾಗಾಗಿ ಪಕ್ಕದ ಕಲ್ಲಿನ ಅಂಗಳದ ತಾಹಿರ್ ಎದುರಾದಾಗ ಸುಮ್ಮನೆ ದಾಟಿಹೋಗಲು ಅವನಿಂದ ಆಗಲಿಲ್ಲ.

"ಬ್ಯಾಟ್ರಿ ತರಾಕ ಹೊಂಟೀನಿ ತಾಹಿರ್ ಭಾಯಿ. ಎಂಥಾದು ತರಲಿ?"

ತಾಹಿರ್ ಗಾಡಿಯ ಮೇಲೆ ಕೂತಿದ್ದವನು ಗಾಡಿ ಚಾಲೂ ಮಾಡಿಯೇ ಬಿಟ್ಟ. "ಅರೇ, ಅದೇನ್ ಸಣ್ಣ ಮಾತೇನು? ಈಗಿನ ಬ್ಯಾಟ್ರಿ ಬ್ಯಾರೆ ಅವ. ಬೆಳಕಿಗಿ ಲ್ಯುಮೆನ್ ನೋಡಬೇಕು, ಚಾರ್ಜಿಗಿ ಎಂಎಎಚ್ ನೋಡಬೇಕು, ನೀರಾಗ ಬಿದ್ರ ಏನಾಗ್ತದ ನೋಡಬೇಕು. ನಾ ಮೊಬೈಲಿನ್ಯಾಗ ಎಲ್ಲಾ ನೋಡೀನಿ. ಹಿಂದ ಕುಂದ್ರು. ವಾಡಿಗಿ ಹೋಗಾಮು."

"ಇಲ್ಲೇ ಶಹಾಬಾದಿನ್ಯಾಗ ಸಿಗ್ತಾವಲ್ಲ?"

"ಇಲ್ಲಿ ಸಿಗೂವು ಬ್ಯಾಟ್ರಿ ಅಲ್ಲ, ಆಟಿಗಿ ಸಾಮಾನು."

ಕೊನೆಗೆ ಮಾತಾಡಿದವನು ತಾಹಿರ್ ಆದ್ದರಿಂದ ಸಾಯಬಣ್ಣ ಹಿಂದೆ ಕೂತ.

ವಾಡಿಯಲ್ಲಿ ಸ್ಟೇಶನ್ ರಸ್ತೆಯ ಮೆಹತಾಬ್ ಭಾಯಿಯ ಅಂಗಡಿಗೆ ಅವರು ಮುಟ್ಟಿದಾಗ ಹತ್ತು ಗಂಟೆ. ಮೆಹತಾಬ್ ತಾಳ್ಮೆಯ ಮನುಷ್ಯ. ಮಾತು ಕೇಳಿಕೊಂಡು, ಗಾಜಿನ ಪೆಟ್ಟಿಗೆಯೊಳಗಿಂದ ಬೆರಳುದ್ದದ ಒಂದು ಪುಟ್ಟ ಬ್ಯಾಟ್ರಿ ತೆಗೆದು ಮುಂದಿಟ್ಟ. ಮೊಬೈಲಿನ ವೈರಿನಿಂದಲೇ ಚಾರ್ಜ್ ಆಗುವಂಥದು. ಅದರ ಬೆಳಕು ಹಳದಿ, ಮೆತ್ತಗೆ.

"ಜೇಬಿನ್ಯಾಗ ಹಿಡಿತದ, ಹೆಣ್ಮಕ್ಕಳು ಪರ್ಸಿನ್ಯಾಗ ಇಟ್ಕೋತಾರ, ಕರೆಂಟ್ ಹೋದಾಗ ಮನ್ಯಾಗ ಸಾಕು," ಎಂದ.

ಸಾಯಬಣ್ಣನಿಗೆ ಅದು ಬಹಳ ಹಿಡಿಸಿತು. ಅಂಗೈಯಲ್ಲಿಟ್ಟು ತೂಗಿದ. ಗುರುದೇವಿಗೆ ಕೊಟ್ಟರೆ ಅವಳ ಮುಖ ಹೇಗಾದೀತೆಂದು ಒಂದು ಗಳಿಗೆ ಯೋಚಿಸಿದ. ಆಗ ತಾಹಿರ್ ನಕ್ಕ.

"ಸಾಯಬಣ್ಣ, ಇದು ಬ್ಯಾಟ್ರಿ ಅಲ್ಲ, ಊದಿನಕಡ್ಡಿ. ದೊಡ್ಡ ಪಾರ್ಟಿ ಬರ್ಲಿಕತ್ಯದ. ಇದನ್ನ ಕೈದಾಗ ಕೊಟ್ರ ಮರ್ಯಾದಿ ಉಳೀತದೇನು? ಮೆಹತಾಬ್ ಭಾಯಿ, ಸಾವಿರದ ಮ್ಯಾಲಿನ ಲ್ಯುಮೆನ್ ತೆಗೀರಿ."

ಮೆಹತಾಬ್ ತೆಗೆದ. ಒಂದಲ್ಲ, ಒಂಬತ್ತು ತೆಗೆದ. ಎಲ್ಲವೂ ಗಿಡ್ಡ, ಕಪ್ಪು, ಗಟ್ಟಿ, ನೋಡಲು ಅಣ್ಣತಮ್ಮಂದಿರು. ಎಲ್ಲವನ್ನೂ ಹಚ್ಚಿ ನೋಡಿದರು. ಆದರೆ ಹೊರಗೆ ಏಪ್ರಿಲ್ ತಿಂಗಳ ವಾಡಿಯ ಬಿಸಿಲು. ಆ ಬಿಸಿಲಿನಲ್ಲಿ ಒಂಬತ್ತಕ್ಕೆ ಒಂಬತ್ತೂ ಹತ್ತಿವೆಯೋ ಇಲ್ಲವೋ ಎಂಬುದೇ ತಿಳಿಯಲಿಲ್ಲ.

"ಶಟರ್ ಇಳಸ್ರಿ," ಎಂದ ತಾಹಿರ್. "ಕತ್ತಲದಾಗ ನೋಡಾಮು."

ಅಷ್ಟು ಹೊತ್ತಿಗೆ ಅಂಗಡಿಯಲ್ಲಿ ಆರೇಳು ಜನ ಗಿರಾಕಿಗಳಿದ್ದರು. ಬ್ಯಾಟ್ರಿ ಬೇಡದವರಿಗೂ ಯಾವುದು ಹೆಚ್ಚು ಎಂದು ನೋಡುವ ಆಸೆ ಹುಟ್ಟಿತ್ತು. ಮೆಹತಾಬ್ ಶಟರನ್ನು ಧಡಧಡನೆ ನೆಲದವರೆಗೆ ಎಳೆದ. ಒಳಗೆ ಕುಲುಮೆಯಂಥ ಸೆಕೆ. ತಾಹಿರ್ ಒಂದೊಂದಾಗಿ ಬ್ಯಾಟ್ರಿ ಹಚ್ಚಿ, ನ್ಯಾಯವಾಗಿ ಹೋಲಿಸಬೇಕೆಂದು ಪ್ರತಿಯೊಂದನ್ನೂ ಸಾಯಬಣ್ಣನ ಮುಖಕ್ಕೇ ಬಿಟ್ಟ. ಐದನೆಯದರ ಹೊತ್ತಿಗೆ ಸಾಯಬಣ್ಣನಿಗೆ ಕಣ್ಣು ಮುಚ್ಚಿದರೂ ಹಸಿರು ಚಂದ್ರರು ಕಾಣತೊಡಗಿದ್ದರು.

"ಯಾವ್ದು ಚಲೋ ಅನಸ್ತು?"

"ನಂಗೇನೂ ಕಾಣವಲ್ದು."

"ಹಂಗಾದ್ರ ಇದ ಚಲೋ," ಎಂದು ತಾಹಿರ್ ಐದನೆಯದನ್ನು ಎತ್ತಿ ಹಿಡಿದ.

ಶಟರ್ ಮೇಲೆತ್ತಿ ಹೊರಗೆ ಬಂದವರಿಗೆ ರಸ್ತೆಯ ಗುರುತು ಸಿಗಲಿಲ್ಲ. ಎದುರಿನ ಕಿರಾಣಿ ಅಂಗಡಿ ಮುಚ್ಚಿತ್ತು. ಬಟ್ಟೆ ಅಂಗಡಿ ಮುಚ್ಚಿತ್ತು. ಚಹಾದವನು ಒಲೆಗೆ ನೀರು ಹೊಯ್ದು ಪಾತ್ರೆ ಎತ್ತಿಡುತ್ತಿದ್ದ. ಎಂದೂ ಹಗಲಲ್ಲಿ ಬಾಗಿಲು ಹಾಕದ ಮೆಹತಾಬ್ ಶಟರ್ ಇಳಿಸಿದ್ದನ್ನು ಪಕ್ಕದವನು ನೋಡಿದ್ದ. ಇವನಿಗೆ ಏನೋ ಸುದ್ದಿ ಬಂದಿರಬೇಕೆಂದು ತಾನೂ ಇಳಿಸಿದ್ದ. ಅವನನ್ನು ನೋಡಿ ಇನ್ನೊಬ್ಬ, ಇನ್ನೊಬ್ಬನನ್ನು ನೋಡಿ ಮತ್ತೊಬ್ಬ. ಹತ್ತು ನಿಮಿಷದಲ್ಲಿ ಸ್ಟೇಶನ್ ರಸ್ತೆ ಪೂರ್ತಿ ಬಂದ್ ಆಗಿತ್ತು.

"ಯಾತಕ್ಕ ಬಂದ್ ಅದರಿ?" ಎಂದು ಸಾಯಬಣ್ಣ ಚಹಾದವನನ್ನು ಕೇಳಿದ.

"ನಂಗೇನ್ ಗೊತ್ರಿ? ಎಲ್ಲಾರೂ ಮಾಡ್ಯಾರ, ನಾನೂ ಮಾಡೀನಿ."

ತಾಹಿರನ ಕೈಯಲ್ಲಿದ್ದ ಬ್ಯಾಟ್ರಿಯನ್ನು ಆಗ ಒಂದು ಒಣಗಿದ ಕೈ ಕಸಿದುಕೊಂಡಿತು. ಅದು ಖಾಜಾಮಿಯಾನ ಕೈ. ರೈಲ್ವೆಯಲ್ಲಿ ಮೂವತ್ತು ವರ್ಷ ಹಳಿ ಕಾಯ್ದು ರಿಟೈರ್ ಆದ ಮುದುಕ. ದೀಪದ ವಿಷಯದಲ್ಲಿ ವಾಡಿಯಲ್ಲಿ ತನಗಿಂತ ತಿಳಿದವರಿಲ್ಲ ಎಂಬುದು ಅವನ ನಂಬಿಕೆ.

"ಬೆಳಕ ನೋಡಿ ಬ್ಯಾಟ್ರಿ ತೊಗೊಳಾಂವ ಹುಚ್ಚ," ಎಂದ ಖಾಜಾಮಿಯಾ. "ಬ್ಯಾಟ್ರಿ ಬೀಳಬೇಕು. ಬಿದ್ದ ಮ್ಯಾಲ ಹತ್ತಬೇಕು. ಹಿಂಗ." ಹೀಗೆಂದು ಅದನ್ನು ತಲೆಯ ಮೇಲಕ್ಕೆತ್ತಿ ರಸ್ತೆಗೆ ಬಿಟ್ಟ.

ಬ್ಯಾಟ್ರಿ ಬಿದ್ದು, ಉರುಳಿ, ರಸ್ತೆಯ ನಡುವಿಗೆ ಹೋಯಿತು. ಬಂದ್‌ಗೆ ಹೆದರಿ ಸ್ಟೇಶನ್ ಕಡೆಯಿಂದ ಓಡಿಬರುತ್ತಿದ್ದ ಆಟೋವೊಂದು ಅದರ ಮೇಲೆ ಹತ್ತಿ ಇಳಿದು ನಿಲ್ಲದೆ ಹೋಯಿತು. ಎಲ್ಲರೂ ಓಡಿದರು. ಬ್ಯಾಟ್ರಿಯ ಮೈಗೆ ಒಂದು ಗೀರು ಬಿದ್ದಿತ್ತು, ಅಷ್ಟೇ. ಗುಂಡಿ ಒತ್ತಿದರೆ ಝಗ್ಗನೆ ಹತ್ತಿತು. ನೆರೆದವರು ಚಪ್ಪಾಳೆ ತಟ್ಟಿದರು. ಬಂದ್ ಮಾಡಿದ ಅಂಗಡಿಯವರೂ ಬಂದು ನೋಡಿ ತಲೆದೂಗಿದರು.

"ಗೀರು ಬಿದ್ದ ಮಾಲು ನಾ ವಾಪಸ್ ಇಡಂಗಿಲ್ರಿ," ಎಂದ ಮೆಹತಾಬ್, ಅದೇ ತಾಳ್ಮೆಯಿಂದ.

ಹೀಗೆ ಸಾಯಬಣ್ಣನ ಬ್ಯಾಟ್ರಿಯ ಆಯ್ಕೆ ಮುಗಿಯಿತು. ಬೆರಳುದ್ದದ ಹಳದಿ ಬ್ಯಾಟ್ರಿಯನ್ನು ಅವನು ಹೊರಡುವಾಗ ಇನ್ನೊಮ್ಮೆ ನೋಡಿದ.

ಶಹಾಬಾದಿಗೆ ಮರಳಿದಾಗ ಒಂದು ಗಂಟೆ. ಅಂಗಡಿಯಲ್ಲಿ ಅಷ್ಟು ಹೊತ್ತು ಹಚ್ಚಿ ನೋಡಿದ್ದಕ್ಕೋ, ಆಟೋದ ಕೆಳಗೆ ಬಿದ್ದದ್ದಕ್ಕೋ, ಬ್ಯಾಟ್ರಿಯಲ್ಲಿ ಚಾರ್ಜ್ ತಳ ಕಂಡಿತ್ತು. ಮನೆಯಲ್ಲಿ ಕರೆಂಟ್ ಇರಲಿಲ್ಲ. ಮೂರರವರೆಗೆ ಬರುವುದಿಲ್ಲ ಎಂದರು. ಆ ಓಣಿಯಲ್ಲಿ ಇನ್ವರ್ಟರ್ ಇದ್ದದ್ದು ಹಿಂದಿನ ಮನೆಯ ಜಯಮಾಲಾಬಾಯಿಗೆ ಮಾತ್ರ. ಅವಳು ಅಂಗನವಾಡಿಯ ಟೀಚರ್. ಕೈಗೆ ಬಂದ ಹೊಸ ವಸ್ತುವನ್ನು ಪೂರ್ತಿ ತಿಳಿದುಕೊಳ್ಳದೆ ಬಿಡುವವಳಲ್ಲ.

ಸಾಯಬಣ್ಣ ಮೂರೂಕಾಲಿಗೆ ಹೋಗಿ ನೋಡಿದರೆ ಚಾರ್ಜಿಗೆ ಕೊಟ್ಟಿದ್ದ ಬ್ಯಾಟ್ರಿ ಅವಳ ಮೇಜಿನ ಮೇಲೆ ತಾನೇ ಹತ್ತುತ್ತ ಆರುತ್ತ ಕೂತಿತ್ತು. ಮೂರು ಸಲ ಬೇಗ ಬೇಗ, ಮೂರು ಸಲ ನಿಧಾನ, ಮತ್ತೆ ಮೂರು ಸಲ ಬೇಗ.

"ಏನಾಗ್ಯದ ಇದಕ್ಕ?"

"ಅದ್ರಾಗ ಐದು ನಮೂನಿ ಬೆಳಕ ಅವ ಅಣ್ಣಾ. ನಾಕು ನಂಗ ತಿಳದ್ವು. ಐದನೇದ್ದು ಆಪತ್ತಿನ್ಯಾಗ ಇದ್ದವ್ರು ಸಹಾಯಕ್ಕ ಕರಿಯೂದಂತ. ಅದಕ್ಕ ಹೋಗ್ತದ, ವಾಪಸ್ ಬರವಲ್ದು."

ಸಾಯಬಣ್ಣ ಒತ್ತಿದ. ಒತ್ತಿ ಹಿಡಿದ. ತಿರುವಿದ. ಅಲ್ಲಾಡಿಸಿದ. ಬ್ಯಾಟ್ರಿ ಸಹಾಯ ಕೇಳುವುದನ್ನು ಬಿಡಲಿಲ್ಲ. ಕಡೆಗೆ ಅದನ್ನು ಹಾಗೆಯೇ ಮಿಣುಕಿಸಿಕೊಂಡು ಮನೆಗೆ ತಂದ. ಹೊಸ್ತಿಲ ಒಳಗೆ ಗುರುದೇವಿಯ ಕೈಚೀಲ ತಯಾರಾಗಿ ಕೂತಿತ್ತು.

"ಭಾಳ ಚಂದ ಅದ," ಎಂದಳು ಗುರುದೇವಿ, ಮೆಲ್ಲಗೆ. "ಇದನ್ನ ಹಿಡದು ಬಸ್ ನಿಂದ್ರಸಬಹುದು."

ನಾಲ್ಕಕ್ಕೆ ಐದು ನಿಮಿಷವಿದ್ದಾಗ ತಾಹಿರ್ ಬಂದು ಬ್ಯಾಟ್ರಿ ಇಸಕೊಂಡು, ಹತ್ತೆಣಿಸುವವರೆಗೆ ಗುಂಡಿ ಒತ್ತಿಹಿಡಿದು ಸರಿಮಾಡಿಕೊಟ್ಟ. ನಾಲ್ಕಕ್ಕೆ ಸರಿಯಾಗಿ ಬಸವಲಿಂಗರ ಜೀಪು ಬಂತು. ಬಸವಲಿಂಗ ಹಣೆತುಂಬ ವಿಭೂತಿ ಹಚ್ಚಿದ ಶಿಸ್ತಿನ ಮನುಷ್ಯ. ಬಂದವರೇ ಪಡಸಾಲೆಗೆ ಹತ್ತಿ, ಬ್ಯಾಟ್ರಿ ಕೇಳುವುದನ್ನೂ ಮರೆತು ತಮ್ಮ ಮೊಬೈಲಿನ ದೀಪ ಹಚ್ಚಿಕೊಂಡು ಕಲ್ಲು ನೋಡತೊಡಗಿದರು. ಮೊದಲನೆಯದು ನೋಡಿದರು. ಹತ್ತನೆಯದು ನೋಡಿದರು. ನಡುವಿನದೊಂದರ ಮೇಲೆ ಅಂಗೈ ಆಡಿಸಿದರು.

"ಚಲೋ ಅವಲ್ಲ, ಸಾಯಬಣ್ಣ," ಎಂದರು. "ಬಣ್ಣ ಒಂದ ನಮೂನಿ ಅದ. ಪಾಲಿಶ್ ಬರೋಬ್ಬರಿ ಆಗ್ಯದ. ಲಾರಿ ಕರಸ್ತೀನಿ."

ಒಳಗೆ ಬಾಗಿಲ ಮರೆಯಲ್ಲಿ ನಿಂತಿದ್ದ ಗುರುದೇವಿ ಬಗ್ಗಿ ಕೈಚೀಲದ ದಾರ ಬಿಚ್ಚಿದ್ದನ್ನು ಸಾಯಬಣ್ಣ ಕಂಡ. ಒಂದೂವರೆ ವರ್ಷದಲ್ಲಿ ಮೊದಲ ಸಲ ಅವಳ ತುಟಿಯ ಮೇಲೆ ನಗುವಿತ್ತು. ಅವನು ಅಲ್ಲಿಗೆ ಸುಮ್ಮನಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಆದರೆ ಬ್ಯಾಟ್ರಿ ಅವನ ಕೈಯಲ್ಲಿತ್ತು. ಅದಕ್ಕಾಗಿ ಅವನು ಮುಂಜಾನೆಯಿಂದ ಊರೂರು ಅಲೆದಿದ್ದ, ಬೆವರಿನಲ್ಲಿ ತೊಯ್ದಿದ್ದ, ಕಣ್ಣು ಕಳೆದುಕೊಳ್ಳುವುದರಲ್ಲಿದ್ದ, ಒಂದು ಊರಿನ ಬಾಜಾರವನ್ನು ಮುಚ್ಚಿಸಿದ್ದ. ಅದನ್ನು ಒಬ್ಬರೂ ನೋಡದೆ ಹೋಗುವುದೆಂದರೇನು? ಯಾರನ್ನೂ ಕೇಳದೆ, ಯಾರೂ ಹೇಳದೆ, ತನ್ನ ಸ್ವಂತ ಬುದ್ಧಿಯಿಂದ ಸಾಯಬಣ್ಣ ಅಂದು ಮಾಡಿದ ಕೆಲಸ ಇದೊಂದೇ.

"ಸಾವ್ಕಾರ್ರ, ಆ ಮೊಬೈಲಿನ್ಯಾಗ ಏನ್ ಕಾಣ್ತದ್ರಿ?" ಎಂದು ಬ್ಯಾಟ್ರಿ ಮುಂದೆ ಚಾಚಿದ. "ಇದನ್ನ ಹಚ್ಚಿ ನೋಡ್ರಿ."

ಅವನ ಹಿಂದೆ ತಾಹಿರ್ ಹಣೆ ಬಡಿದುಕೊಂಡ. ಲ್ಯುಮೆನ್ನಿನ ಹುರುಪಿನಲ್ಲಿ ಮರೆತದ್ದು ಅವನಿಗೆ ಈಗ ನೆನಪಾಗಿತ್ತು. ಬಸವಲಿಂಗ ಬ್ಯಾಟ್ರಿಯನ್ನು ಕಲ್ಲಿಗೆ ಒರಗಿಸಿ ಗುಂಡಿ ಒತ್ತಿದರು.

ಮೊದಲ ಕಲ್ಲಿನಲ್ಲಿ ಕಾಗಿಣಾ ಹೊಳೆ ತನ್ನ ಎಲ್ಲ ಹಳ್ಳಗಳ ಸಮೇತ ಹರಿದಿತ್ತು. ಎರಡನೆಯದರಲ್ಲಿ ಮೂಲೆಯಿಂದ ಮೂಲೆಗೆ ಒಂದೇ ಗೆರೆ. ಮೂರನೆಯದು ದೂರದಿಂದ ನೋಡಿದರೆ ಜೇಡರ ಬಲೆ. ಬಸವಲಿಂಗ ಒಂದನ್ನೂ ಬಿಡದೆ ಎಲ್ಲವನ್ನೂ ನೋಡಿದರು. ಅಷ್ಟು ಒಳ್ಳೆಯ ಬೆಳಕು ಅವರಿಗೂ ಹೊಸದು. ನೋಡುವುದರಲ್ಲೇ ಒಂದು ಖುಷಿ ಬಂದಂತಿತ್ತು. ಸಾಯಬಣ್ಣ ಮಾತ್ರ ತನ್ನ ಕಲ್ಲುಗಳನ್ನು ಅಂದೇ ಮೊದಲು ನೋಡುತ್ತಿದ್ದ. ಕಣ್ಣಲ್ಲಿ ನೀರು ಬಂತು. ಒಳಗೆ ಗುರುದೇವಿ ಕೈಚೀಲದ ದಾರ ಮತ್ತೆ ಕಟ್ಟಿದಳು.

"ಈ ಲಾಟ್ ನಡಿಯಂಗಿಲ್ಲ," ಎಂದರು ಬಸವಲಿಂಗ. "ಬಾಜೂದಾಗ ಯಾರ್ದವ?"

"ನಮ್ದವ್ರಿ," ಎಂದ ತಾಹಿರ್, ಮನಸ್ಸಿಲ್ಲದ ದನಿಯಲ್ಲಿ.

ಬಸವಲಿಂಗ ಬ್ಯಾಟ್ರಿ ಹಿಡಿದುಕೊಂಡೇ ತಾಹಿರನ ಅಂಗಳಕ್ಕೆ ನಡೆದರು. ತಾಹಿರನ ಕಲ್ಲು ಬಂದದ್ದೂ ಅದೇ ಗಣಿಯಿಂದ, ಅದೇ ಗುಂಡಿಯಿಂದ, ಅದೇ ವಾರ. ಬಸವಲಿಂಗ ಮೊದಲ ಕಲ್ಲಿಗೆ ಬ್ಯಾಟ್ರಿ ಒರಗಿಸಿದರು. ಅದು ಒಮ್ಮೆ ಕೆಂಪಗೆ ನೋಡಿ, ಆರಿಹೋಯಿತು. ಜಯಮಾಲಾಬಾಯಿಯ ಐದು ನಮೂನೆಯ ಅಭ್ಯಾಸದಲ್ಲಿ ತುಂಬಿದ್ದ ಚಾರ್ಜ್ ಅಷ್ಟೇ. ಇದ್ದದ್ದೆಲ್ಲ ಸಾಯಬಣ್ಣನ ಕಲ್ಲಿಗೇ ಖರ್ಚಾಗಿತ್ತು.

"ಚಾರ್ಜ್ ಮುಗದದ್ರಿ," ಎಂದ ತಾಹಿರ್, ಈಗ ಚುರುಕಾಗಿ. "ಮೊಬೈಲ್ ಹಚ್ಚಿ ನೋಡ್ರಿ, ಸಾಕು. ನಾ ಚಹಾ ತರಸ್ತೀನಿ."

ಮೊಬೈಲಿನ ಬೆಳಕಿನಲ್ಲಿ ತಾಹಿರನ ಕಲ್ಲುಗಳು ಹಾಲಿನಂತೆ ಕಂಡವು. ಬಸವಲಿಂಗ ಪೂರ್ತಿ ಲಾಟು ಮಾತಾಡಿ ಮುಗಿಸಿದರು.

ಸಾಯಬಣ್ಣ ತನ್ನ ಅಂಗಳದ ಬೇವಿನ ಮರದ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದ. ಬಸವಲಿಂಗ ನೇರ ಅವನ ಹತ್ತಿರ ಬಂದು ಭುಜ ಹಿಡಿದು ಎಬ್ಬಿಸಿದರು. ಸುತ್ತ ಹಮಾಲರು, ಓಣಿಯವರು, ಜಯಮಾಲಾಬಾಯಿ ಎಲ್ಲರೂ ಇದ್ದರು.

"ಮೂವತ್ತು ವರ್ಷಾತು ನಾ ಕಲ್ಲು ತೊಗೊಳ್ಳಾಕತ್ತು," ಎಂದರು. "ತನ್ನ ಕಲ್ಲಿನ ಸೀಳು ತಾನ ಬೆಳಕ ಹಿಡದು ತೋರಿಸಿದ ಮನುಷ್ಯಾನ್ನ ಇವತ್ತ ನೋಡ್ದೆ. ಇಂಥಾ ಪ್ರಾಮಾಣಿಕ ಶಹಾಬಾದಿನ್ಯಾಗ ಇನ್ನೊಬ್ಬ ಇಲ್ಲ."

ಜೀವನದಲ್ಲಿ ಯಾರೂ ಸಾಯಬಣ್ಣನನ್ನು ನಾಲ್ಕು ಜನರೆದುರು ಹೊಗಳಿರಲಿಲ್ಲ. ಬೇಡವೆಂದರೂ ಎದೆ ಉಬ್ಬಿತು. ಬಸವಲಿಂಗ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಚಹಾ ತರಿಸಿ, ಹಿಂದೆ ತಮಗೆ ಮೋಸ ಮಾಡಿದವರ ಹೆಸರನ್ನೆಲ್ಲ ಒಂದೊಂದಾಗಿ ಹೇಳತೊಡಗಿದರು. ಒಬ್ಬೊಬ್ಬನ ಹೆಸರಿಗೂ "ನಿಮ್ಮಂಥವ್ರು ಅಲ್ಲ ಅವ್ರು" ಎನ್ನುತ್ತಿದ್ದರು. ಆ ಮಾತಿನ ಸುಖದಲ್ಲಿ ಸಾಯಬಣ್ಣನಿಗೆ ಗಳಿಗೆ ಹೋದದ್ದು ತಿಳಿಯಲಿಲ್ಲ. ಬೆನ್ನ ಹಿಂದೆ ಟ್ರ್ಯಾಕ್ಟರು ನಾಲ್ಕು ಸಲ ಬಂದು ಹೋಯಿತು. ಕಲ್ಲಿಗೆ ಕಲ್ಲು ತಾಗುವ ಸದ್ದು ಕೇಳುತ್ತಿತ್ತು. ಆ ಸದ್ದು ಶಹಾಬಾದಿನಲ್ಲಿ ಯಾರನ್ನೂ ತಿರುಗಿ ನೋಡಿಸುವುದಿಲ್ಲ.

"ಮತ್ತ ತಾಹಿರನ ಕಲ್ಲು?" ಎಂದು ಕಡೆಗೊಮ್ಮೆ ಕೇಳಿದ. "ಲಾರಿ ಯಾವಾಗ ಬರ್ತದ್ರಿ?"

"ಲಾರಿ ಕರಸಿ ಸೇಡಂದಾಗ ಇಡಾಂವಿದ್ದೆ, ಈಗ ಲಾರಿ ಯಾತಕ್ಕ? ಮಂಟಪಕ್ಕ ಇನ್ನಾ ಸ್ಲ್ಯಾಬ್ ಬಿದ್ದಿಲ್ಲ. ಆರು ತಿಂಗಳು ಬೇಕು. ತಾಹಿರಂದು ಜಾಗಾ ಖಾಲಿ ಆಗಬೇಕಂತ, ಹೊಸಾ ಮಾಲು ಬರ್ಲಿಕತ್ಯದಂತ. ನಿಮ್ಮಂಥಾ ಪ್ರಾಮಾಣಿಕರ ಹತ್ರ ಇಟ್ರ ನಂಗ ನಿದ್ದಿ ಬರ್ತದ." ಬಸವಲಿಂಗ ಎದ್ದು ಮೊಣಕಾಲು ಝಾಡಿಸಿಕೊಂಡರು. "ನಿಮ್ಮ ಪಡಸಾಲಿಗೇ ಇಡಸೀನಿ. ಸ್ವಲ್ಪ ನೋಡ್ಕೋರಿ."

ಸಾಯಬಣ್ಣ ತಿರುಗಿ ನೋಡಿದ.

ಹಮಾಲರು ಅಚ್ಚುಕಟ್ಟಾಗಿ ಕೆಲಸ ಮಾಡಿದ್ದರು. ಪಡಸಾಲೆಯಲ್ಲಿ ಹಳೆಯ ಲಾಟಿನ ಮುಂದೆ ಹೊಸ ಲಾಟು ನಿಂತಿತ್ತು. ಉಳಿದ ಕಲ್ಲುಗಳಿಗೆ ಜಾಗ ಸಾಲದೆ, ಬಾಗಿಲಿನ ಮುಂದಿದ್ದ ಆ ಒಂದೂವರೆ ಗೇಣಿನ ಸಂದನ್ನೂ ತುಂಬಿಸಿದ್ದರು. ಬಾಗಿಲು ಕಾಣುತ್ತಿರಲಿಲ್ಲ. ಅಷ್ಟರಲ್ಲಿ ಜೀಪು ಸೇಡಂ ದಾರಿ ಹಿಡಿದಿತ್ತು. ಟ್ರ್ಯಾಕ್ಟರಿನ ಜೊತೆ ಹಮಾಲರೂ ಹೋಗಿದ್ದರು, ಇನ್ನು ಅವರು ಬರುವುದು ನಾಳೆ ಹತ್ತು ಗಂಟೆಗೆ. ಆ ಮನೆಗೆ ಹಿತ್ತಲ ಬಾಗಿಲಿರಲಿಲ್ಲ. ಹಿಂದೆ ಇದ್ದದ್ದು ಜಯಮಾಲಾಬಾಯಿಯ ಗೋಡೆ.

ಸಾಯಬಣ್ಣ ಓಡಿಹೋಗಿ ಪಕ್ಕದ ಕಿಟಕಿಯ ಸರಳು ಹಿಡಿದ. ಒಳಗೆ ಗುರುದೇವಿ ಹೊಸ ಸೀರೆ ಉಟ್ಟು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಮಂಚದ ಮೇಲೆ ಕೂತಿದ್ದಳು. ಚಿಂಚೋಳಿ ಬಸ್ಸು ಹೋಗಿ ಕಾಲು ಗಂಟೆಯಾಗಿತ್ತು.

"ಗುರುದೇವಿ..." ಎಂದ. ಒಳಗೊಳಗೆ ಒಂದು ಸಣ್ಣ ಸಮಾಧಾನವೂ ಆಗಿತ್ತು. ಹೇಗೋ ಅವಳು ಹೋಗಲಿಲ್ಲವಲ್ಲ. ಆ ಸಮಾಧಾನ ಮುಖದಲ್ಲಿ ಕಾಣದಂತೆ ನೋಡಿಕೊಂಡ.

ಗುರುದೇವಿ ಸಿಟ್ಟು ಮಾಡಲಿಲ್ಲ. ಎದ್ದು ಕಿಟಕಿಯ ಹತ್ತಿರ ಬಂದಳು.

"ಒಳಗ ಕತ್ತಲಾಗ್ಯದ," ಎಂದಳು. "ಆ ಬ್ಯಾಟ್ರಿ ಚಾರ್ಜ್ ಆಗ್ಯದೇನು?"

ಆಗಿತ್ತು. ವ್ಯಾಪಾರ ಕುದುರಿದ ಖುಷಿಗೆ ತಾಹಿರನೇ ಒಂದು ತಾಸು ತನ್ನ ಆಫೀಸಿನಲ್ಲಿ ಚಾರ್ಜಿಗೆ ಹಾಕಿ ತಂದುಕೊಟ್ಟಿದ್ದ. ಸಾಯಬಣ್ಣ ಸರಳಿನ ನಡುವೆ ಕೈ ತೂರಿಸಿ ಅದನ್ನು ಕೊಟ್ಟ. ಅವಳು ಮೆತ್ತಗಾಗಿದ್ದಾಳೆ ಎನ್ನಿಸಿತು.

"ಅಡಿಗಿ ಮನಿ ದೀಪ ಹತ್ತವಲ್ದೇನು?" ಎಂದು ಕೇಳಿದ.

"ಅಡಿಗಿಗಲ್ಲ. ಎಂಟು ದಿನಕ್ಕಂತ ಕೈಚೀಲ ತುಂಬಿದ್ದೆ. ಕಲ್ಲು ಆರು ತಿಂಗಳು ಇರ್ತಾವಂತ ಹಮಾಲರು ಅಂದ್ರು, ಅಷ್ಟು ದಿನಕ್ಕ ಇದು ಸಾಲಂಗಿಲ್ಲ. ದೊಡ್ಡ ಟ್ರಂಕ್ ಮಂಚದ ತಳಗ ಅದ, ಕಾಣವಲ್ದು."

ಗುರುದೇವಿ ಬಗ್ಗಿ ಗುಂಡಿ ಒತ್ತಿದಳು. ಬೆಳಕು ಮಂಚದ ಕೆಳಗಿನ ಮೂಲೆಯವರೆಗೂ ಹೋಯಿತು. ಟ್ರಂಕು ಕೂಡಲೇ ಸಿಕ್ಕಿತು. ಅದನ್ನು ಎಳೆದು ಮುಚ್ಚಳ ತೆಗೆದು, ಕಪಾಟಿನ ಸೀರೆಗಳನ್ನು ಒಂದೊಂದಾಗಿ ಇಡತೊಡಗಿದಳು. ಸಾಯಬಣ್ಣ ಸರಳು ಹಿಡಿದುಕೊಂಡು ಹೊರಗೆ ನಿಂತೇ ಇದ್ದ.

"ಬ್ಯಾಟ್ರಿ ಮಾತ್ರ ಭಾಳ ಚಲೋ ತಂದೀರಿ," ಎಂದಳು ಗುರುದೇವಿ, ಮೆಲ್ಲಗೆ. "ಇದನ್ನೂ ಒಯ್ತೀನಿ."